ಗ್ರಾಮದ ಜಾಲ ಆಸ್ತಿಗಳು: ಒಡೆತನ ಯಾರದು, ಸಂಪರ್ಕಿಸಬೇಕಾದುದು ಯಾರನ್ನು?

ಗ್ರಾಮ ಪಂಚಾಯತಿಯ ಆಸ್ತಿ ವಹಿಯಲ್ಲಿ ಕಚೇರಿ ಕಟ್ಟಡ, ಕೊಳವೆಬಾವಿ, ನೀರಿನ ಟ್ಯಾಂಕು, ಬೀದಿದೀಪ, ಅಂಗಡಿ ಮಳಿಗೆ ಮೊದಲಾದವು ದಾಖಲಾಗಿರುತ್ತವೆ. ಪಂಪು ಕೆಟ್ಟರೆ ಯಾರನ್ನು ಕರೆಯಬೇಕೆಂಬುದು ನೀರುಗಂಟಿಗೆ ತಿಳಿದಿರುತ್ತದೆ. ಬೀದಿದೀಪ ಆರಿದರೆ ಲೈನ್‌ಮನ್ ಯಾರೆಂಬುದು ಸದಸ್ಯರಿಗೆ ತಿಳಿದಿರುತ್ತದೆ. ಆದರೆ ಪಂಚಾಯತಿ ಕಚೇರಿಯ ಗೋಡೆಗೆ ಅಳವಡಿಸಿದ ಫೈಬರ್ ಪೆಟ್ಟಿಗೆಯ ದೀಪ ಆರಿದಾಗ ಅದು ಯಾರ ಸ್ವತ್ತು, ಅದನ್ನು ಸರಿಪಡಿಸುವ ಹೊಣೆ ಯಾರದು, ಯಾವ ಕಚೇರಿಗೆ ತಿಳಿಸಬೇಕು ಎಂಬ ಪ್ರಶ್ನೆಗಳಿಗೆ ಅನೇಕ ಕಡೆಗಳಲ್ಲಿ ಕೂಡಲೇ ಉತ್ತರ ದೊರೆಯುವುದಿಲ್ಲ.

ಇಂದು ಗ್ರಾಮದ ಬಹಳಷ್ಟು ಕೆಲಸಗಳು ಈ ಜಾಲವನ್ನು ಅವಲಂಬಿಸಿವೆ. ಪಂಚತಂತ್ರ ತಂತ್ರಾಂಶದ ನಮೂದು, ಇ-ಸ್ವತ್ತು ದಾಖಲೆ, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು, ಅರಿವು ಕೇಂದ್ರದ ಕಂಪ್ಯೂಟರು, ನ್ಯಾಯಬೆಲೆ ಅಂಗಡಿಯ ಬೆರಳಚ್ಚು, ಶಾಲೆಯ ಆನ್‌ಲೈನ್ ಮಾಹಿತಿ, ಇವೆಲ್ಲಕ್ಕೂ ಫೈಬರ್ ಅಥವಾ ಮೊಬೈಲ್ ಸಂಪರ್ಕ ಬೇಕು. ಸಂಪರ್ಕ ಕಡಿದುಹೋದ ದಿನ ದೂರದ ಹಳ್ಳಿಯಿಂದ ಬಂದ ವೃದ್ಧರು ಪ್ರಮಾಣಪತ್ರ ಪಡೆಯದೆ ಹಿಂದಿರುಗುತ್ತಾರೆ. ಕೂಲಿಕಾರರು ಒಂದು ದಿನದ ದುಡಿಮೆ ಬಿಟ್ಟು ಮತ್ತೊಮ್ಮೆ ಬರಬೇಕಾಗುತ್ತದೆ. ಇಂತಹ ವಿಳಂಬಕ್ಕೆ ತಾಂತ್ರಿಕ ದೋಷವೊಂದೇ ಕಾರಣವಲ್ಲ. ದೋಷವನ್ನು ಯಾರಿಗೆ ತಿಳಿಸಬೇಕೆಂಬ ಮಾಹಿತಿ ದಾಖಲೆಯಲ್ಲಿ ಇಲ್ಲದಿರುವುದೂ ಅಷ್ಟೇ ದೊಡ್ಡ ಕಾರಣ. ಗ್ರಾಮದ ಜಾಲ ಆಸ್ತಿಗಳ ಒಡೆತನ ಹೇಗೆ ಹಂಚಿಹೋಗಿದೆ, ಸಂಪರ್ಕ ಮಾಹಿತಿ ಏಕೆ ಬೇಗ ಹಳತಾಗುತ್ತದೆ, ಇದಕ್ಕಾಗಿ ಪಂಚಾಯತಿಯು ಎಂತಹ ವಹಿಯನ್ನು ಇಟ್ಟುಕೊಳ್ಳಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದೇ ಮಾರ್ಗ, ಹಲವು ಒಡೆಯರು

ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ತಲುಪಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2011ರ ಅಕ್ಟೋಬರ್‌ನಲ್ಲಿ ಅನುಮೋದನೆ ನೀಡಿತು. ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಎಂಬ ಹೆಸರಿನಲ್ಲಿ ಆರಂಭವಾದ ಈ ಯೋಜನೆಯೇ ಮುಂದೆ ಭಾರತ್‌ನೆಟ್ ಎನಿಸಿತು. ಇದನ್ನು ನಡೆಸಲು 2012ರಲ್ಲಿ ಭಾರತ್ ಬ್ರಾಡ್‌ಬ್ಯಾಂಡ್ ನೆಟ್‌ವರ್ಕ್ ನಿಯಮಿತ, ಅಂದರೆ ಬಿ.ಬಿ.ಎನ್.ಎಲ್. ಎಂಬ ಸರ್ಕಾರಿ ಕಂಪನಿಯನ್ನು ಸ್ಥಾಪಿಸಲಾಯಿತು. ಯೋಜನೆಯ ವೆಚ್ಚಕ್ಕೆ ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಯಿಂದ ಹಣ ಒದಗಿತು. ಈ ನಿಧಿಯೇ ಈಗ ಡಿಜಿಟಲ್ ಭಾರತ್ ನಿಧಿ ಎನಿಸಿಕೊಂಡಿದೆ.

ತಾಲ್ಲೂಕು ಕೇಂದ್ರದಿಂದ ಗ್ರಾಮ ಪಂಚಾಯತಿಯವರೆಗಿನ ಇಡೀ ಮಾರ್ಗದಲ್ಲಿ ಹೊಸ ಕೇಬಲ್ ಹಾಕಿದ್ದಾರೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಯೋಜನೆಯ ಮೊದಲ ಹಂತದ ಕ್ರಮ ಬೇರೆಯಾಗಿತ್ತು. ಸಾರ್ವಜನಿಕ ವಲಯದ ಸಂಸ್ಥೆಗಳು ಅದಾಗಲೇ ಹಾಕಿದ್ದ ಫೈಬರ್ ಎಲ್ಲಿಯವರೆಗೆ ಲಭ್ಯವಿತ್ತೋ ಅಲ್ಲಿಯವರೆಗೆ ಅದನ್ನೇ ಬಳಸಿಕೊಂಡು, ಅಲ್ಲಿಂದ ಪಂಚಾಯತಿಯವರೆಗಿನ ಉಳಿದ ಭಾಗಕ್ಕೆ ಮಾತ್ರ ಹೊಸ ಕೇಬಲ್ ಜೋಡಿಸಲಾಯಿತು. ಹೀಗಾಗಿ ಒಂದೇ ಮಾರ್ಗದ ಒಂದು ತುಂಡು ಒಂದು ಸಂಸ್ಥೆಯ ಹಳೆಯ ಕೇಬಲ್ ಆಗಿದ್ದರೆ, ಮುಂದಿನ ತುಂಡು ಯೋಜನೆಯ ಹೊಸ ಕೇಬಲ್ ಆಗಿರಬಹುದು. ಮಾರ್ಗ ಹಾದುಹೋಗುವ ರಸ್ತೆಯ ಅಂಚು ಲೋಕೋಪಯೋಗಿ ಇಲಾಖೆಯದ್ದೋ, ಜಿಲ್ಲಾ ಪಂಚಾಯತಿಯದ್ದೋ, ಗ್ರಾಮ ಪಂಚಾಯತಿಯದ್ದೋ ಆಗಿರುತ್ತದೆ. ಪೆಟ್ಟಿಗೆ ಇರುವ ಕಟ್ಟಡ ಪಂಚಾಯತಿಯದ್ದು. ಆ ಪೆಟ್ಟಿಗೆಗೆ ವಿದ್ಯುತ್ ಬರುವುದು ಪಂಚಾಯತಿಯ ಆರ್.ಆರ್. ಸಂಖ್ಯೆಯ ಮೀಟರಿನಿಂದ. ಪೆಟ್ಟಿಗೆಯಿಂದ ಶಾಲೆಗೋ ಆರೋಗ್ಯ ಕೇಂದ್ರಕ್ಕೋ ಹೋಗುವ ತಂತಿಯನ್ನು ಇನ್ನೊಂದು ಸೇವಾ ಸಂಸ್ಥೆ ಎಳೆದಿರಬಹುದು.

ನೋಡುವವರಿಗೆ ಇದು ಒಂದೇ ಸೇವೆಯಾಗಿ ಕಂಡರೂ ದಾಖಲೆಯಲ್ಲಿ ಐದಾರು ಒಡೆತನಗಳಿರುತ್ತವೆ. ಜಾಗದ ಒಡೆಯರು, ಸಾಮಗ್ರಿಯ ಒಡೆಯರು, ನಿರ್ವಹಣೆಯ ಗುತ್ತಿಗೆದಾರರು ಮತ್ತು ಸೇವೆ ನೀಡುವವರು ಬೇರೆಬೇರೆಯಾಗಿರಬಹುದು. ಈ ವ್ಯತ್ಯಾಸವನ್ನು ಅರಿತರೆ, ತಪ್ಪು ಕಚೇರಿಗೆ ದೂರು ಕೊಟ್ಟು ಕಾಯುವುದು ತಪ್ಪುತ್ತದೆ.

ಹೆಸರು ಹಳತಾಗುವ ಬಗೆ

ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ಸಂಸ್ಥೆಯ ಹೆಸರೂ ದೂರವಾಣಿ ಸಂಖ್ಯೆಯೂ ಇದ್ದರೆ ಸಾಲದೇ ಎಂಬ ಪ್ರಶ್ನೆ ಸಹಜ. ಭಾರತ್‌ನೆಟ್‌ನ ಇತಿಹಾಸವೇ ಇದಕ್ಕೆ ಉತ್ತರ ನೀಡುತ್ತದೆ. ಬಿ.ಬಿ.ಎನ್.ಎಲ್. ನೋಡಿಕೊಳ್ಳುತ್ತಿದ್ದ ಕಾರ್ಯಾಚರಣೆಯನ್ನು 2022ರ ಜುಲೈನಲ್ಲಿ ಬಿ.ಎಸ್.ಎನ್.ಎಲ್. ಸಂಸ್ಥೆಗೆ ವಹಿಸಲಾಯಿತು. 2023ರ ಆಗಸ್ಟ್‌ನಲ್ಲಿ ತಿದ್ದುಪಡಿಗೊಂಡ ಭಾರತ್‌ನೆಟ್ ಕಾರ್ಯಕ್ರಮಕ್ಕೆ ಸುಮಾರು 1,39,579 ಕೋಟಿ ರೂಪಾಯಿಗಳ ಅನುಮೋದನೆ ದೊರೆಯಿತು. ಇದರಡಿ ಹೊಸ ಗುತ್ತಿಗೆ ಸಂಸ್ಥೆಗಳು ಜಾಲವನ್ನು ನಿರ್ಮಿಸಿ, ಮುಂದೆ ಅದರ ನಿರ್ವಹಣೆಯನ್ನೂ ನೋಡಿಕೊಳ್ಳುವ ವ್ಯವಸ್ಥೆ ಇದೆ. ಅಂದರೆ, ಗೋಡೆಯ ಮೇಲಿನ ಪೆಟ್ಟಿಗೆ ಅದೇ ಆಗಿದ್ದರೂ ಅದಕ್ಕೆ ಉತ್ತರ ಹೇಳಬೇಕಾದವರು ಬದಲಾಗಿದ್ದಾರೆ, ಮತ್ತೆಯೂ ಬದಲಾಗಬಹುದು. ಚೀಟಿಯ ಮೇಲಿನ ಸಂಖ್ಯೆ ಮಾತ್ರ ತಾನಾಗಿ ಬದಲಾಗುವುದಿಲ್ಲ.

ಇದರೊಂದಿಗೆ ಪಂಚಾಯತಿಯ ಒಳಗೂ ಬದಲಾವಣೆಗಳಾಗುತ್ತವೆ. ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು ವರ್ಗಾವಣೆಯಾಗುತ್ತಾರೆ. ಡಾಟಾ ಎಂಟ್ರಿ ಆಪರೇಟರ್ ಬೇರೆ ಕೆಲಸಕ್ಕೆ ಹೋಗುತ್ತಾರೆ. ಐದು ವರ್ಷಗಳಿಗೊಮ್ಮೆ ಹೊಸ ಸದಸ್ಯರು ಆಯ್ಕೆಯಾಗಿ ಬರುತ್ತಾರೆ. ಕೇಬಲ್ ಹಾಕುವಾಗ ಜೊತೆಗಿದ್ದು ಮಾರ್ಗವನ್ನು ಕಣ್ಣಾರೆ ಕಂಡವರು ನಿವೃತ್ತರಾದ ಮೇಲೆ, ಆ ತಿಳಿವಳಿಕೆ ಬರಹದಲ್ಲಿ ಇಲ್ಲದಿದ್ದರೆ ಅವರೊಂದಿಗೇ ಹೊರಟುಹೋಗುತ್ತದೆ.

ದೀಪಗಳನ್ನು ನೋಡಿ ಹೊಣೆ ಗುರುತಿಸುವುದು

ಪಂಚಾಯತಿ ಕಚೇರಿಯಲ್ಲಿ ಫೈಬರ್ ಕೊನೆಗೊಳ್ಳುವ ಪೆಟ್ಟಿಗೆಗೆ ಓ.ಎನ್.ಟಿ. ಎನ್ನುತ್ತಾರೆ. ಬೆಳಕಿನ ರೂಪದಲ್ಲಿ ಬಂದ ಸಂಕೇತವನ್ನು ಇದು ಕಂಪ್ಯೂಟರಿಗೆ ಬೇಕಾದ ರೂಪಕ್ಕೆ ತರುತ್ತದೆ. ಇದರ ಮುಂಭಾಗದ ಸಣ್ಣ ದೀಪಗಳು ದೋಷ ಯಾರ ಹೊಣೆಯ ಭಾಗದಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಸೂಚಿಸುತ್ತವೆ. ತಯಾರಕರನ್ನು ಅನುಸರಿಸಿ ಗುರುತುಗಳು ಸ್ವಲ್ಪ ಬೇರೆಯಾಗಿರಬಹುದಾದರೂ ಸಾಮಾನ್ಯ ಕ್ರಮ ಹೀಗಿದೆ:

1. ವಿದ್ಯುತ್ ದೀಪವೇ ಉರಿಯದಿದ್ದರೆ ದೋಷ ವಿದ್ಯುತ್ತಿನದು. ಪ್ಲಗ್, ಮೀಟರ್, ಬ್ಯಾಟರಿ, ಸೋಲಾರ್ ಫಲಕದ ತಂತಿ ಇವುಗಳನ್ನು ಮೊದಲು ಪಂಚಾಯತಿಯೇ ಪರೀಕ್ಷಿಸಿಕೊಳ್ಳಬೇಕು. ದುಡಿಯುವ ಬ್ಯಾಟರಿ ಇಲ್ಲದ ಪೆಟ್ಟಿಗೆ ವಿದ್ಯುತ್ ಕಡಿತವಾದಷ್ಟು ಹೊತ್ತೂ ಸತ್ತಂತಿರುತ್ತದೆ.

2. ವಿದ್ಯುತ್ ದೀಪ ಉರಿಯುತ್ತಿದ್ದು, ‘ಲಾಸ್’ ಎಂಬ ಕೆಂಪು ದೀಪ ಮಿನುಗುತ್ತಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲವೆಂದು ಅರ್ಥ. ಕೇಬಲ್ ಕಡಿದಿರಬಹುದು, ಜೋಡಣೆ ಸಡಿಲವಾಗಿರಬಹುದು ಅಥವಾ ತಾಲ್ಲೂಕು ಕೇಂದ್ರದ ಉಪಕರಣವೇ ನಿಂತಿರಬಹುದು. ಇದು ಕೇಬಲ್ ನಿರ್ವಹಣೆಯ ಸಂಸ್ಥೆಗೆ ತಿಳಿಸಬೇಕಾದ ದೋಷ.

3. ‘ಪಾನ್’ ಎಂಬ ದೀಪ ಹಸಿರಾಗಿ ಸ್ಥಿರವಾಗಿದ್ದರೂ ಅಂತರಜಾಲ ಬರುತ್ತಿಲ್ಲವಾದರೆ ಬೆಳಕು ತಲುಪುತ್ತಿದೆ, ತೊಂದರೆ ಮುಂದಿದೆ ಎಂದು ತಿಳಿಯಬೇಕು. ಖಾತೆಯ ಅವಧಿ ಮುಗಿದಿರುವುದು, ಬಿಲ್ಲು ಬಾಕಿ ಇರುವುದು, ಕಚೇರಿಯ ರೂಟರ್ ಕೆಟ್ಟಿರುವುದು ಇಂತಹ ಕಾರಣಗಳಿರಬಹುದು. ಇಲ್ಲಿ ವಿಚಾರಿಸಬೇಕಾದುದು ಸೇವೆ ನೀಡುವ ಸಂಸ್ಥೆಯನ್ನು.

ನೆರೆಯ ಪಂಚಾಯತಿಗೆ ಒಂದು ಕರೆ ಮಾಡಿ ವಿಚಾರಿಸುವುದೂ ಉಪಯುಕ್ತ. ಮೊದಲ ಹಂತದ ಜಾಲದಲ್ಲಿ ಒಂದೇ ಕೇಬಲ್ ಸಾಲಾಗಿ ಹಲವು ಪಂಚಾಯತಿಗಳಿಗೆ ಹೋಗಿರುವ ಮಾರ್ಗಗಳಿವೆ. ಅಂತಹ ಕಡೆ ಒಂದು ಜಾಗದಲ್ಲಿ ಕೇಬಲ್ ಕಡಿದರೆ ಅಲ್ಲಿಂದಾಚೆಗಿನ ಎಲ್ಲ ಪಂಚಾಯತಿಗಳ ಸಂಪರ್ಕವೂ ನಿಲ್ಲುತ್ತದೆ. ಈ ಕೊರತೆಯನ್ನು ನೀಗಿಸಲೆಂದೇ ತಿದ್ದುಪಡಿಗೊಂಡ ಕಾರ್ಯಕ್ರಮದಲ್ಲಿ ಕೇಬಲ್ ಅನ್ನು ಉಂಗುರದಂತೆ ಜೋಡಿಸಿ, ಒಂದು ದಿಕ್ಕಿನಲ್ಲಿ ಕಡಿದರೂ ಇನ್ನೊಂದು ದಿಕ್ಕಿನಿಂದ ಸಂಪರ್ಕ ದೊರೆಯುವ ವಿಧಾನವನ್ನು ಅನುಸರಿಸಲಾಗುತ್ತಿದೆ.

ಮೊಬೈಲ್ ಗೋಪುರಗಳು

ಗ್ರಾಮದಲ್ಲಿ ಕಣ್ಣಿಗೆ ಎದ್ದು ಕಾಣುವ ಜಾಲ ಆಸ್ತಿಯೆಂದರೆ ಮೊಬೈಲ್ ಗೋಪುರ. ಇಲ್ಲಿಯೂ ಒಡೆತನ ಮೂರು ಪದರಗಳಲ್ಲಿದೆ. ಜಮೀನು ಬಹುತೇಕ ಖಾಸಗಿ ರೈತರದ್ದಾಗಿದ್ದು ಬಾಡಿಗೆ ಕರಾರಿನ ಮೇಲೆ ನೀಡಲ್ಪಟ್ಟಿರುತ್ತದೆ. ಕಬ್ಬಿಣದ ಗೋಪುರ, ಜನರೇಟರ್ ಮತ್ತು ಬ್ಯಾಟರಿ ಬಹಳ ಕಡೆ ಗೋಪುರ ಕಂಪನಿಯದು. ಮೇಲೆ ಕಟ್ಟಿದ ಆಂಟೆನಾಗಳು ಮೊಬೈಲ್ ಸೇವಾ ಕಂಪನಿಗಳವು. ಒಂದೇ ಗೋಪುರದಲ್ಲಿ ಎರಡು ಮೂರು ಕಂಪನಿಗಳ ಆಂಟೆನಾಗಳಿರಬಹುದು.

ಗೋಪುರ ಕಂಪನಿಗಳ ಹೆಸರೂ ಬದಲಾಗುತ್ತಿರುತ್ತದೆ. 2020ರ ನವೆಂಬರ್‌ನಲ್ಲಿ ಭಾರ್ತಿ ಇನ್‌ಫ್ರಾಟೆಲ್ ಮತ್ತು ಇಂಡಸ್ ಟವರ್ಸ್ ಒಂದಾದವು. 2024ರಲ್ಲಿ ಅಮೆರಿಕನ್ ಟವರ್ ಕಾರ್ಪೊರೇಷನ್ನಿನ ಭಾರತದ ವ್ಯವಹಾರವು ಬೇರೆ ಒಡೆತನಕ್ಕೆ ಹೋಯಿತು. ಇಂತಹ ಸಂದರ್ಭಗಳಲ್ಲಿ ಗೇಟಿನ ಫಲಕದಲ್ಲಿ ಹಳೆಯ ಹೆಸರೇ ಉಳಿದಿದ್ದರೆ ಶುಲ್ಕದ ನೋಟಿಸು, ಅಪಾಯದ ಸೂಚನೆ, ಜನರೇಟರಿನ ಶಬ್ದದ ದೂರು ಇವೆಲ್ಲ ಸಲ್ಲಬೇಕಾದವರಿಗೆ ತಲುಪದೆ ಹೋಗಬಹುದು.

ಗೋಪುರ ಮತ್ತು ಜಮೀನಿನ ಸಂಬಂಧವನ್ನು ಕಾನೂನೂ ಬೇರ್ಪಡಿಸಿದೆ. 2023ರ ದೂರಸಂಪರ್ಕ ಅಧಿನಿಯಮದ 14ನೆಯ ಪ್ರಕರಣದ ಪ್ರಕಾರ, ಜಾಲವನ್ನು ಸ್ಥಾಪಿಸಿದ ಮಾತ್ರಕ್ಕೆ ಕಂಪನಿಗೆ ಆ ಜಮೀನಿನ ಮೇಲೆ ಹಕ್ಕು ಉಂಟಾಗುವುದಿಲ್ಲ. ಹಾಗೆಯೇ ಜಾಲವು ಆ ಜಮೀನಿನ ಭಾಗವೆಂದು ಪರಿಗಣಿತವಾಗುವುದಿಲ್ಲ. ಆಸ್ತಿಯ ವಹಿವಾಟಿಗೂ ಆಸ್ತಿ ತೆರಿಗೆಗೂ ಇದು ಅನ್ವಯಿಸುತ್ತದೆ. ಮಾರ್ಗಾಧಿಕಾರದ ಬಗೆಗಿನ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಆದುದರಿಂದ ಗೋಪುರಕ್ಕೆ ಅನುಮತಿ ಅಥವಾ ಶುಲ್ಕದ ವಿಷಯ ಸಭೆಗೆ ಬಂದಾಗ ಹಳೆಯ ರೂಢಿಯನ್ನು ಅನುಸರಿಸದೆ, ಚಾಲ್ತಿಯಲ್ಲಿರುವ ನಿಯಮಗಳನ್ನು ನೋಡಿ ತೀರ್ಮಾನಿಸುವುದು ಅಗತ್ಯ. ಜಮೀನಿನ ಒಡೆಯರು ಯಾರು, ಗೋಪುರದ ಒಡೆಯರು ಯಾರು ಎಂಬುದು ವಹಿಯಲ್ಲಿ ಬೇರೆಬೇರೆ ಅಂಕಣಗಳಲ್ಲಿ ಇರಬೇಕಾದುದೂ ಇದೇ ಕಾರಣಕ್ಕೆ.

ಇದಕ್ಕೆ ಸಂಬಂಧಿಸಿದ ಒಂದು ವಂಚನೆಯನ್ನೂ ಸದಸ್ಯರು ಗಮನದಲ್ಲಿ ಇಟ್ಟುಕೊಳ್ಳಬೇಕು. ‘ನಿಮ್ಮ ಹೊಲದಲ್ಲಿ ಟವರ್ ಹಾಕುತ್ತೇವೆ, ತಿಂಗಳಿಗೆ ಇಷ್ಟು ಬಾಡಿಗೆ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಎಂದು ರೈತರಿಂದ ಹಣ ಪಡೆದು ಮರೆಯಾಗುವವರಿದ್ದಾರೆ. ಇದಕ್ಕಾಗಿ ಸರ್ಕಾರದ ಮುದ್ರೆ ಇರುವಂತೆ ತೋರುವ ನಕಲಿ ಪತ್ರಗಳನ್ನೂ ಬಳಸುತ್ತಾರೆ. ಗೋಪುರಕ್ಕಾಗಿ ಜಮೀನು ನೀಡುವವರಿಂದ ದೂರಸಂಪರ್ಕ ಇಲಾಖೆಯಾಗಲಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾಗಲಿ ಯಾವುದೇ ಶುಲ್ಕ ಪಡೆಯುವುದಿಲ್ಲ. ಗೋಪುರ ಸ್ಥಾಪಿಸುವ ಅಧಿಕೃತ ಕಂಪನಿಗಳ ಪಟ್ಟಿ ದೂರಸಂಪರ್ಕ ಇಲಾಖೆಯ ಜಾಲತಾಣದಲ್ಲಿ ಲಭ್ಯವಿದೆ. ಸ್ಥಾಪಿತವಾಗಿರುವ ಗೋಪುರಗಳ ವಿವರವನ್ನು ಇಲಾಖೆಯು 2017ರಲ್ಲಿ ಆರಂಭಿಸಿದ ತರಂಗ್ ಸಂಚಾರ್ ಜಾಲತಾಣದಲ್ಲಿ ನೋಡಬಹುದು. ಪಂಚಾಯತಿಯಲ್ಲಿ ಗೋಪುರಗಳ ವಹಿ ಸರಿಯಾಗಿದ್ದರೆ, ಸಂಶಯ ಬಂದ ರೈತರು ಹಣ ಕಟ್ಟುವ ಮೊದಲು ಬಂದು ವಿಚಾರಿಸಲು ಒಂದು ಸ್ಥಳವಿರುತ್ತದೆ.

ಅಗೆಯುವ ಮುನ್ನ

ಕೇಬಲ್ ಕಡಿಯುವುದಕ್ಕೆ ದೊಡ್ಡ ಕಾರಣ ಅಗೆತ. ಮನೆಮನೆಗೆ ನಲ್ಲಿ ನೀರು ಒದಗಿಸುವ ಕಾಮಗಾರಿ, ಚರಂಡಿ, ರಸ್ತೆ ಅಗಲೀಕರಣ, ವಿದ್ಯುತ್ ಕಂಬದ ಗುಂಡಿ ಇವೆಲ್ಲವೂ ಅಗತ್ಯವಾದ ಕೆಲಸಗಳೇ. ಆದರೆ ಒಂದು ಇಲಾಖೆಯ ಜೆ.ಸಿ.ಬಿ. ಇನ್ನೊಂದರ ಕೇಬಲ್ ಅನ್ನು ಎತ್ತಿ ಹಾಕುವುದು ಸಾಮಾನ್ಯವಾಗಿದೆ. ಹೊಂದಾಣಿಕೆಯಿಲ್ಲದ ಅಗೆತದಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟವಾಗುತ್ತದೆಂದು ಕೇಂದ್ರ ಸರ್ಕಾರ ಅಂದಾಜಿಸಿದೆ.

ಇದನ್ನು ತಡೆಯಲು 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಆ್ಯಪ್ ಬಿಡುಗಡೆಯಾಯಿತು. ‘ಅಗೆಯುವ ಮುನ್ನ ಕರೆ ಮಾಡಿ’ ಎಂಬುದೇ ಇದರ ಅರ್ಥ. ಅಗೆಯುವವರು ಸ್ಥಳವನ್ನೂ ದಿನಾಂಕವನ್ನೂ ನಮೂದಿಸಿದರೆ, ಆ ಪ್ರದೇಶದಲ್ಲಿ ನೆಲದಡಿ ಆಸ್ತಿ ಹೊಂದಿರುವ ಸಂಸ್ಥೆಗಳಿಗೆ ಸಂದೇಶ ಹೋಗುತ್ತದೆ. ಇಬ್ಬರೂ ಪರಸ್ಪರ ಮಾತನಾಡಿ ಅಗೆತದ ಜಾಗವನ್ನು ಹೊಂದಿಸಿಕೊಳ್ಳಬಹುದು. ಅಗೆಯುವವರು ಮುಂಚಿತವಾಗಿ ಸೂಚನೆ ನೀಡಬೇಕೆಂಬುದನ್ನು 2022ರ ಭಾರತೀಯ ಟೆಲಿಗ್ರಾಫ್ (ಮೂಲಸೌಕರ್ಯ ಸುರಕ್ಷತೆ) ನಿಯಮಗಳು ಕಾನೂನಿನ ಕರ್ತವ್ಯವನ್ನಾಗಿ ಮಾಡಿದವು.

ಈ ವ್ಯವಸ್ಥೆಯ ಯಶಸ್ಸು ಪೂರ್ಣವಾಗಿ ಸಂಪರ್ಕ ಮಾಹಿತಿಯನ್ನೇ ಅವಲಂಬಿಸಿದೆ ಎಂಬುದು ಗಮನಾರ್ಹ. ಆಸ್ತಿ ಯಾರದೆಂದು ನೋಂದಣಿಯಾಗಿದ್ದು, ನೀಡಿದ ದೂರವಾಣಿ ಸಂಖ್ಯೆ ಚಾಲ್ತಿಯಲ್ಲಿದ್ದರೆ ಮಾತ್ರ ಸಂದೇಶ ತಲುಪುತ್ತದೆ. ಇಲ್ಲವಾದರೆ ಆ್ಯಪ್ ಇದ್ದೂ ಜೆ.ಸಿ.ಬಿ. ನಿಲ್ಲುವುದಿಲ್ಲ. ಗ್ರಾಮ ಪಂಚಾಯತಿಯು ಇಲ್ಲಿ ಎರಡೂ ಕಡೆಯಲ್ಲಿದೆ: ಕಾಮಗಾರಿ ನಡೆಸುವಾಗ ಅಗೆಯುವ ಪಕ್ಷ, ಕುಡಿಯುವ ನೀರಿನ ಪೈಪುಗಳ ವಿಷಯದಲ್ಲಿ ಆಸ್ತಿಯ ಪಕ್ಷ. ಕಾಮಗಾರಿಯ ಆದೇಶ ನೀಡುವ ಮೊದಲು ‘ಮಾರ್ಗದಲ್ಲಿ ಯಾರ ಕೇಬಲ್ ಇದೆ, ಅವರಿಗೆ ತಿಳಿಸಲಾಗಿದೆಯೇ’ ಎಂದು ವಾರ್ಡಿನ ಸದಸ್ಯರು ಕೇಳುವ ಒಂದು ಪ್ರಶ್ನೆ ಹಲವು ದಿನಗಳ ತೊಂದರೆಯನ್ನು ತಪ್ಪಿಸಬಲ್ಲದು.

ಅಂತರಜಾಲವು ಇಟ್ಟುಕೊಂಡ ವಹಿ

ಒಡೆತನ ಮತ್ತು ಸಂಪರ್ಕವನ್ನು ಬರೆದಿಡುವ ಈ ಕೆಲಸ ಹೊಸದೇನಲ್ಲ. ಇಂದಿನ ಅಂತರಜಾಲದ ಪೂರ್ವರೂಪವಾದ ಆರ್ಪಾನೆಟ್ ಅಮೆರಿಕದಲ್ಲಿ 1969ರಲ್ಲಿ ಆರಂಭವಾಯಿತು. ಸಂಪರ್ಕಗೊಂಡ ಕಂಪ್ಯೂಟರುಗಳು ಹೆಚ್ಚಿದಂತೆ ಯಾವುದು ಎಲ್ಲಿದೆ, ಅದಕ್ಕೆ ಯಾರು ಹೊಣೆ ಎಂಬುದನ್ನು ತಿಳಿಯುವುದು ಕಷ್ಟವಾಯಿತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ನೇತೃತ್ವದ ತಂಡವು 1970ರ ದಶಕದಿಂದ ಈ ಮಾಹಿತಿಯನ್ನು ಸಂಗ್ರಹಿಸಿ ಕೈಪಿಡಿಯಾಗಿ ಪ್ರಕಟಿಸುತ್ತಿತ್ತು. ಮುಂದೆ ಕಂಪ್ಯೂಟರಿನ ಮೂಲಕವೇ ಈ ಪಟ್ಟಿಯನ್ನು ಕೇಳಿ ಪಡೆಯುವ ಕ್ರಮ ಬಂದು, 1982ರಲ್ಲಿ ಅದರ ನಿಯಮ ಪ್ರಕಟವಾಯಿತು. ಆ ಕ್ರಮದ ಹೆಸರು ‘ಹೂ ಈಸ್’, ಎಂದರೆ ‘ಯಾರು?’

ಈಗಲೂ ಅದೇ ಪದ್ಧತಿ ವಿಸ್ತಾರವಾಗಿ ನಡೆದಿದೆ. ಅಂತರಜಾಲಕ್ಕೆ ಸೇರುವ ಉಪಕರಣಗಳಿಗೆ ಅಂಕಿಗಳ ರೂಪದ ವಿಳಾಸಗಳಿರುತ್ತವೆ. ಪ್ರಪಂಚವನ್ನು ಐದು ವಲಯಗಳಾಗಿ ವಿಂಗಡಿಸಿ, ಈ ವಿಳಾಸಗಳ ಹಂಚಿಕೆಯ ವಹಿಯನ್ನು ಒಂದೊಂದು ಸಂಸ್ಥೆಗೆ ವಹಿಸಲಾಗಿದೆ. ಏಷ್ಯಾ ಮತ್ತು ಪೆಸಿಫಿಕ್ ವಲಯದ ವಹಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿರುವ ಏಪ್ನಿಕ್ ಸಂಸ್ಥೆಯಲ್ಲಿದೆ. ಭಾರತದಲ್ಲಿ ಈ ಕೆಲಸವನ್ನು 2003ರಲ್ಲಿ ಸ್ಥಾಪಿತವಾದ ನಿಕ್ಸಿ ಎಂಬ ಸಂಸ್ಥೆಯು ತನ್ನ ಐರಿನ್ ಎಂಬ ವಿಭಾಗದ ಮೂಲಕ ನಡೆಸುತ್ತದೆ. ಒಂದು ಜಾಲದಿಂದ ಮೋಸದ ಸಂದೇಶಗಳು ಬರುತ್ತಿದ್ದರೆ ಅಥವಾ ಅದರ ದೋಷದಿಂದ ಇತರರಿಗೆ ತೊಂದರೆಯಾಗುತ್ತಿದ್ದರೆ, ಆ ವಿಳಾಸಗಳು ಯಾರಿಗೆ ಹಂಚಿಕೆಯಾಗಿವೆ, ಯಾರಿಗೆ ದೂರು ಕೊಡಬೇಕು ಎಂಬುದನ್ನು ಈ ವಹಿಯಲ್ಲಿ ನೋಡಬಹುದು.

ಇದರಿಂದ ಗ್ರಾಮ ಪಂಚಾಯತಿಗಳು ಪಡೆಯಬಹುದಾದ ಪಾಠಗಳು ಮೂರು.

ಮೊದಲನೆಯದು, ನಿಯತ ಪರಿಶೀಲನೆ. ವಹಿಯಲ್ಲಿ ಬರೆದಿದ್ದ ದೂರು ವಿಳಾಸಗಳಲ್ಲಿ ಅನೇಕವು ಕೆಲಸ ಮಾಡುತ್ತಿಲ್ಲವೆಂಬ ಕೊರಗು ಏಪ್ನಿಕ್ ವಲಯದಲ್ಲಿಯೂ ಇತ್ತು. ಅದಕ್ಕಾಗಿ 2019ರಿಂದ ಆರು ತಿಂಗಳಿಗೊಮ್ಮೆ ಪ್ರತಿ ದೂರು ವಿಳಾಸಕ್ಕೂ ಪರೀಕ್ಷಾ ಸಂದೇಶ ಕಳುಹಿಸುವ ಕ್ರಮ ಜಾರಿಗೆ ಬಂದಿತು. ಉತ್ತರ ಬಾರದ ವಿಳಾಸವನ್ನು ಅಮಾನ್ಯವೆಂದು ಗುರುತಿಸಲಾಗುತ್ತದೆ.

ಎರಡನೆಯದು, ವ್ಯಕ್ತಿಗಿಂತ ಹುದ್ದೆ ಮುಖ್ಯ ಎಂಬುದು. ಹಿಂದೆ ಜಾಲತಾಣಗಳ ನೋಂದಣಿ ವಹಿಯಲ್ಲಿ ವ್ಯಕ್ತಿಗಳ ಹೆಸರು, ಮನೆ ವಿಳಾಸ, ದೂರವಾಣಿ ಎಲ್ಲವೂ ಯಾರಿಗೆ ಬೇಕಾದರೂ ಕಾಣುತ್ತಿದ್ದವು. 2018ರ ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟದ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಾರಿಯಾದ ಮೇಲೆ ಅವುಗಳಲ್ಲಿ ಬಹಳಷ್ಟನ್ನು ಮರೆಮಾಡಲಾಯಿತು. ಗ್ರಾಮದ ವಹಿಯಲ್ಲಿಯೂ ಹುದ್ದೆಯ ಹೆಸರು, ಕಚೇರಿಯ ದೂರವಾಣಿ ಮತ್ತು ಕಚೇರಿಯ ಇ-ಮೇಲ್ ಮುಖ್ಯ. ಖಾಸಗಿ ಮೊಬೈಲ್ ಸಂಖ್ಯೆಯನ್ನು ಸೂಚನಾ ಫಲಕದಲ್ಲಿ ಪ್ರಕಟಿಸುವುದು ಉಚಿತವಲ್ಲ. ಹುದ್ದೆಯನ್ನು ಬರೆದಿದ್ದರೆ ವ್ಯಕ್ತಿ ಬದಲಾದರೂ ದಾಖಲೆ ಬಹುಮಟ್ಟಿಗೆ ನಿಲ್ಲುತ್ತದೆ.

ಮೂರನೆಯದು, ಅವಧಿ ಮುಗಿಯುವ ದಿನಾಂಕವನ್ನು ಬರೆದಿಡುವುದು. 1999ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಕಂಪನಿಯು ತನ್ನ ಒಂದು ಜಾಲತಾಣದ ಹೆಸರಿನ ನವೀಕರಣ ಶುಲ್ಕ ಕಟ್ಟುವುದನ್ನು ಮರೆಯಿತು. ಅದರಿಂದ ಹಾಟ್‌ಮೇಲ್ ಬಳಕೆದಾರರಿಗೆ ಪ್ರವೇಶ ದೊರೆಯದಂತಾಯಿತು. ಹೊರಗಿನ ಒಬ್ಬ ಗ್ರಾಹಕರು ಕಾರಣವನ್ನು ಪತ್ತೆ ಹಚ್ಚಿ ತಮ್ಮ ಕೈಯಿಂದಲೇ 35 ಡಾಲರ್ ಶುಲ್ಕ ಕಟ್ಟಿದರು. ಅಷ್ಟು ದೊಡ್ಡ ಕಂಪನಿಯೇ ಮರೆಯಬಹುದಾದರೆ, ಹತ್ತು ಕೆಲಸಗಳ ನಡುವೆ ಪಂಚಾಯತಿ ಕಚೇರಿಯಲ್ಲಿ ಬ್ರಾಡ್‌ಬ್ಯಾಂಡ್ ಖಾತೆಯ ಅವಧಿ ಮರೆತುಹೋಗುವುದು ಆಶ್ಚರ್ಯವಲ್ಲ.

ಕಣ್ಣಿಗೆ ಕಾಣದ ಆಸ್ತಿಗಳು

ಕೇಬಲ್ ಮತ್ತು ಗೋಪುರಗಳಂತೆಯೇ ಖಾತೆಗಳೂ ಪಂಚಾಯತಿಯ ಜಾಲ ಆಸ್ತಿಗಳೇ. ಕಚೇರಿಯ ಇ-ಮೇಲ್, ಬ್ರಾಡ್‌ಬ್ಯಾಂಡ್ ಖಾತೆ, ಕಚೇರಿಯ ಸಿಮ್ ಕಾರ್ಡು, ಅರಿವು ಕೇಂದ್ರದ ವೈಫೈ ಗುಪ್ತಪದ, ಸಿ.ಸಿ. ಕ್ಯಾಮೆರಾಗಳ ಲಾಗಿನ್, ಪಂಚಾಯತಿಯ ವಾಟ್ಸಾಪ್ ಗುಂಪು ಇವೆಲ್ಲ ಈ ಸಾಲಿಗೆ ಸೇರುತ್ತವೆ. ಇವು ಯಾರ ಹೆಸರಿನಲ್ಲಿ ನೋಂದಣಿಯಾಗಿವೆ ಎಂಬುದನ್ನು ಪರಿಶೀಲಿಸಬೇಕು. ಬ್ರಾಡ್‌ಬ್ಯಾಂಡ್ ಖಾತೆ ಮಾಜಿ ಅಧ್ಯಕ್ಷರ ಹೆಸರಿನಲ್ಲಿದ್ದರೆ, ಕಚೇರಿಯ ಇ-ಮೇಲ್‌ನ ಒ.ಟಿ.ಪಿ. ಕೆಲಸ ಬಿಟ್ಟುಹೋದ ಸಿಬ್ಬಂದಿಯ ಮೊಬೈಲಿಗೆ ಹೋಗುತ್ತಿದ್ದರೆ, ಆ ಆಸ್ತಿ ಬಳಕೆಯಲ್ಲಿ ಪಂಚಾಯತಿಯದಾದರೂ ಹಿಡಿತದಲ್ಲಿ ಪಂಚಾಯತಿಯದಲ್ಲ. ಯಾರಲ್ಲಿಯೂ ದುರುದ್ದೇಶವಿಲ್ಲದಿದ್ದರೂ ಒಂದು ದಿನ ಕಚೇರಿಯ ಪತ್ರಗಳನ್ನೇ ತೆರೆಯಲಾಗದ ಸ್ಥಿತಿ ಬರಬಹುದು.

ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ನಗದು ಪುಸ್ತಕ, ಚೆಕ್ ಪುಸ್ತಕ, ಬೀರುವಿನ ಕೀಲಿಕೈ ಇರುವಂತೆ ಈ ಖಾತೆಗಳ ಪಟ್ಟಿಯೂ ಸೇರುವುದು ಸೂಕ್ತ. ಗುಪ್ತಪದಗಳನ್ನು ಮಾತ್ರ ವಹಿಯಲ್ಲಿ ಬರೆಯಬಾರದು. ಖಾತೆಯ ಹೆಸರು, ಅದಕ್ಕೆ ಜೋಡಿಸಿದ ಕಚೇರಿಯ ದೂರವಾಣಿ, ಹೊಣೆಯ ಹುದ್ದೆ ಇಷ್ಟನ್ನು ಬರೆದು, ಹಸ್ತಾಂತರದ ದಿನವೇ ಗುಪ್ತಪದ ಬದಲಿಸಿದರೆ ಸಾಕು.

ವಹಿಯ ಮಾದರಿ

ಜಾಲ ಆಸ್ತಿಗಳ ವಹಿಗೆ ವಿಶೇಷ ತಂತ್ರಾಂಶ ಬೇಕಿಲ್ಲ. ಒಂದು ಉದ್ದನೆಯ ನೋಟ್‌ಬುಕ್ ಅಥವಾ ಕಂಪ್ಯೂಟರಿನ ಒಂದು ಹಾಳೆ ಸಾಕು. ಪ್ರತಿ ಆಸ್ತಿಗೂ ಕೆಳಕಂಡ ವಿವರಗಳಿರುವುದು ಅನುಕೂಲ:

1. ಆಸ್ತಿಯ ಹೆಸರು ಮತ್ತು ಅದರ ಮೇಲಿನ ಕ್ರಮಸಂಖ್ಯೆ ಅಥವಾ ಗುರುತು ಸಂಖ್ಯೆ.
2. ಇರುವ ಸ್ಥಳ: ಗ್ರಾಮ, ಸರ್ವೆ ಸಂಖ್ಯೆ, ಹತ್ತಿರದ ಗುರುತು. ಕೇಬಲ್ ಆದರೆ ಮಾರ್ಗದ ಕೈನಕ್ಷೆ.
3. ಜಾಗದ ಒಡೆತನ.
4. ಸಾಮಗ್ರಿಯ ಒಡೆತನ.
5. ನಿರ್ವಹಣೆಯ ಸಂಸ್ಥೆ ಮತ್ತು ಅದರ ಒಪ್ಪಂದದ ಅವಧಿ.
6. ದೂರು ನೀಡಬೇಕಾದ ಕಚೇರಿ, ಹುದ್ದೆ, ದೂರವಾಣಿ. ಅಲ್ಲಿ ಪರಿಹಾರ ಸಿಗದಿದ್ದರೆ ಮೇಲಿನ ಹಂತದ ಕಚೇರಿ.
7. ವಿದ್ಯುತ್ ಮೂಲ ಮತ್ತು ಆರ್.ಆರ್. ಸಂಖ್ಯೆ.
8. ಪಂಚಾಯತಿಯಲ್ಲಿ ಇದನ್ನು ನೋಡಿಕೊಳ್ಳುವ ಹುದ್ದೆ.
9. ಅನುಮತಿಯ ನಿರ್ಣಯದ ಸಂಖ್ಯೆ, ದಿನಾಂಕ, ನವೀಕರಣದ ದಿನಾಂಕ.
10. ಸಂಪರ್ಕ ಮಾಹಿತಿಯನ್ನು ಕೊನೆಯದಾಗಿ ಪರಿಶೀಲಿಸಿದ ದಿನಾಂಕ ಮತ್ತು ಸಹಿ.

ಇವುಗಳಲ್ಲಿ ಹತ್ತನೆಯ ಅಂಕಣವನ್ನು ಸಾಮಾನ್ಯವಾಗಿ ಬಿಟ್ಟುಬಿಡಲಾಗುತ್ತದೆ. ಆದರೆ ಉಳಿದ ಒಂಬತ್ತರ ಬೆಲೆಯನ್ನು ನಿರ್ಧರಿಸುವುದು ಅದೇ. ಪರಿಶೀಲನೆ ಎಂದರೆ ಬರೆದಿರುವ ಸಂಖ್ಯೆಗೆ ನಿಜವಾಗಿ ಕರೆ ಮಾಡಿ, ‘ನಮ್ಮ ಪಂಚಾಯತಿಯ ಈ ಪೆಟ್ಟಿಗೆಯ ಹೊಣೆ ತಮ್ಮ ಕಚೇರಿಯದೇ?’ ಎಂದು ಕೇಳಿ ಖಚಿತಪಡಿಸಿಕೊಳ್ಳುವುದು. ಹಿಂದಿನ ವರ್ಷದ ಪಟ್ಟಿಯನ್ನು ನಕಲು ಮಾಡಿ ಹೊಸ ದಿನಾಂಕ ಹಾಕುವುದು ಪರಿಶೀಲನೆಯಾಗುವುದಿಲ್ಲ.

ಇದೇ ವಹಿಯ ಹಿಂಭಾಗದಲ್ಲಿ ದೂರುಗಳ ಪುಟವಿರಬೇಕು. ದೋಷ ಕಂಡ ದಿನ ಮತ್ತು ವೇಳೆ, ತಿಳಿಸಿದ ಕಚೇರಿ, ಅವರು ನೀಡಿದ ದೂರು ಸಂಖ್ಯೆ, ಸರಿಯಾದ ದಿನ ಇವನ್ನು ಬರೆಯುತ್ತಾ ಹೋದರೆ ವರ್ಷದ ಕೊನೆಗೆ ಎಷ್ಟು ದಿನ ಸಂಪರ್ಕ ಇರಲಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ‘ನಮ್ಮಲ್ಲಿ ನೆಟ್‌ವರ್ಕ್ ಯಾವಾಗಲೂ ಇರುವುದಿಲ್ಲ’ ಎಂಬ ಮಾತಿಗಿಂತ ದಿನಾಂಕ ಮತ್ತು ದೂರು ಸಂಖ್ಯೆಗಳಿರುವ ಒಂದು ಪುಟ ಮೇಲಿನ ಕಚೇರಿಗಳಲ್ಲಿ ಹೆಚ್ಚು ತೂಕ ಪಡೆಯುತ್ತದೆ.

ವಹಿ ಇದ್ದಾಗಿನ ವ್ಯತ್ಯಾಸ

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಬಹುದು. ಸೋಮವಾರ ಬೆಳಿಗ್ಗೆ ಪೈಪ್‌ಲೈನ್ ಅಗೆತದಲ್ಲಿ ಕೇಬಲ್ ಕಡಿಯುತ್ತದೆ. ವಹಿ ಇಲ್ಲದ ಪಂಚಾಯತಿಯಲ್ಲಿ ಮೊದಲು ರೂಟರ್ ಕೆಟ್ಟಿದೆಯೆಂದು ಭಾವಿಸಿ ಪೇಟೆಯಿಂದ ರಿಪೇರಿಯವರನ್ನು ಕರೆಸುತ್ತಾರೆ. ಮಂಗಳವಾರ ಪೆಟ್ಟಿಗೆಯ ಮೇಲಿನ ಹಳೆಯ ಸಂಖ್ಯೆಗೆ ಕರೆ ಮಾಡಿದರೆ ಅದು ಚಾಲ್ತಿಯಲ್ಲಿಲ್ಲ. ಬುಧವಾರ ತಾಲ್ಲೂಕು ಪಂಚಾಯತಿಯಲ್ಲಿ ವಿಚಾರಿಸಿ ಸಂಖ್ಯೆ ಪಡೆದರೂ, ಕೇಬಲ್ ಹೋಗಿರುವ ಮಾರ್ಗ ತೋರಿಸುವವರಿಲ್ಲ. ಗುರುವಾರದ ಹೊತ್ತಿಗೆ ಗುಂಡಿ ಮುಚ್ಚಿ, ಕಡಿದ ಜಾಗ ಯಾವುದೆಂದೇ ತಿಳಿಯದಂತಾಗಿರುತ್ತದೆ.

ವಹಿ ಇರುವ ಪಂಚಾಯತಿಯಲ್ಲಿ ಸೋಮವಾರವೇ ಕೆಂಪು ದೀಪ ಕಂಡು, ಸರಿಯಾದ ಕಚೇರಿಗೆ ಕರೆ ಹೋಗಿ, ದೂರು ಸಂಖ್ಯೆ ಸಿಗುತ್ತದೆ. ಕೈನಕ್ಷೆಯನ್ನು ಪೈಪ್‌ಲೈನ್ ಗುತ್ತಿಗೆದಾರರ ಕೆಲಸದ ಜಾಗದೊಂದಿಗೆ ಹೋಲಿಸಿ, ಗುಂಡಿ ಮುಚ್ಚದಂತೆ ತಿಳಿಸಲಾಗುತ್ತದೆ. ಎರಡೂ ಕಡೆ ಕಡಿದ ಕೇಬಲ್ ಒಂದೇ, ಜೋಡಿಸಲು ಬೇಕಾದ ಸಮಯವೂ ಒಂದೇ. ವಿಳಂಬ ಉಂಟಾದುದು ಹುಡುಕಾಟದಲ್ಲಿ ಮಾತ್ರ.

ಸದಸ್ಯರು ಮಾಡಬಹುದಾದುದು

ವಹಿಯನ್ನು ಬರೆಯುವುದು ಸಿಬ್ಬಂದಿಯ ಕೆಲಸವಾದರೂ ಅದನ್ನು ಜೀವಂತವಾಗಿ ಇರಿಸುವುದು ಸದಸ್ಯರ ಗಮನದಿಂದ ಮಾತ್ರ ಸಾಧ್ಯ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ‘ಜಾಲ ಆಸ್ತಿಗಳ ಪಟ್ಟಿ’ ಎಂಬ ವಿಷಯವನ್ನು ಸೇರಿಸಿ, ಪಟ್ಟಿ ಸಿದ್ಧಪಡಿಸುವ ಹುದ್ದೆಯನ್ನು ನಿರ್ಣಯದಲ್ಲಿ ಗೊತ್ತುಪಡಿಸಬಹುದು. ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಗೋಪುರ, ಕೇಬಲ್ ಮಾರ್ಗದ ಗುರುತು ಕಲ್ಲು, ಕಂಬದ ಮೇಲಿನ ತಂತಿ, ವೈಫೈ ಪೆಟ್ಟಿಗೆಗಳನ್ನು ಒಮ್ಮೆ ನಡೆದು ನೋಡಿ ತಿಳಿಸಬಹುದು. ಕೇಬಲ್ ಹಾಕಿದ ಕಾಲದಲ್ಲಿ ಕೆಲಸ ಮಾಡಿದ ಹಿರಿಯರು, ನೀರುಗಂಟಿಗಳು, ಲೈನ್‌ಮನ್‌ಗಳು ಇನ್ನೂ ಊರಿನಲ್ಲಿರುವಾಗಲೇ ಅವರನ್ನು ಜೊತೆಗೆ ಕರೆದೊಯ್ದು ಮಾರ್ಗವನ್ನು ಗುರುತಿಸಿಕೊಳ್ಳುವುದು ತುರ್ತಿನ ಕೆಲಸ. ನಕ್ಷೆಯಲ್ಲಿಲ್ಲದ ಎಷ್ಟೋ ವಿವರಗಳು ಅವರ ನೆನಪಿನಲ್ಲಿವೆ.

ಆರು ತಿಂಗಳಿಗೊಮ್ಮೆ, ಉದಾಹರಣೆಗೆ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳ ಸಭೆಗಳಲ್ಲಿ, ಪರಿಶೀಲಿಸಿದ ವಹಿಯನ್ನು ಸಭೆಯ ಮುಂದೆ ಇಡಿಸಿ ನಡವಳಿಯಲ್ಲಿ ದಾಖಲಿಸಬಹುದು. ಹೊಸ ಗೋಪುರ ಅಥವಾ ಕೇಬಲ್‌ಗೆ ಅನುಮತಿ ಕೋರುವ ಅರ್ಜಿ ಬಂದಾಗ, ಒಡೆತನ ಅಥವಾ ನಿರ್ವಹಣೆ ಬದಲಾದರೆ ಪಂಚಾಯತಿಗೆ ಲಿಖಿತವಾಗಿ ತಿಳಿಸಬೇಕೆಂದು ಅರ್ಜಿದಾರರನ್ನು ಕೋರಬಹುದು. ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರ ಮತ್ತು ಅರಿವು ಕೇಂದ್ರಗಳಿಗೆ ತಮ್ಮ ಸಂಪರ್ಕದ ದೂರನ್ನು ಎಲ್ಲಿ ನೀಡಬೇಕೆಂಬ ಒಂದು ಪುಟದ ಪ್ರತಿಯನ್ನು ಕಳುಹಿಸಿದರೆ, ಅವರೂ ಪ್ರತಿ ಬಾರಿ ಪಂಚಾಯತಿಯ ಬಾಗಿಲಿಗೆ ಬರುವುದು ತಪ್ಪುತ್ತದೆ.

ಈ ಕೆಲಸಕ್ಕೆ ಪ್ರತ್ಯೇಕ ಅನುದಾನದ ಅಗತ್ಯವಿಲ್ಲ. ಬೇಕಾದುದು ಒಂದು ದಿನದ ನಡಿಗೆ, ಹತ್ತಾರು ದೂರವಾಣಿ ಕರೆಗಳು ಮತ್ತು ವರ್ಷಕ್ಕೆರಡು ಬಾರಿ ಸಭೆಯ ಕೆಲವು ನಿಮಿಷಗಳು. ಅಷ್ಟು ಆದರೆ, ಗೋಡೆಯ ಮೇಲಿನ ದೀಪ ಆರಿದ ದಿನ ಕಚೇರಿಗೆ ಬಂದವರಿಗೆ ‘ಯಾವಾಗ ಸರಿಹೋಗುತ್ತದೋ ತಿಳಿಯದು’ ಎನ್ನುವ ಬದಲು, ಯಾವ ಕಚೇರಿಗೆ ತಿಳಿಸಲಾಗಿದೆ, ದೂರು ಸಂಖ್ಯೆ ಎಷ್ಟು, ಮತ್ತೆ ಯಾವಾಗ ಬರಬಹುದು ಎಂದು ಹೇಳಲು ಸಾಧ್ಯವಾಗುತ್ತದೆ.